ಜೆತ್ರೋ ಟಲ್: ಅಕ್ವಾಲಂಗ್ ಕೇಳಿ ಆಯ್ತು, ಮುಂದೆ ಯಾವ ಆಲ್ಬಮ್?

ಪೆರ್ಲದ ಕೊಳಲು

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕಡೆ ಬ್ರಿಟನ್ನಿನ ರಾಕ್ ತಂಡ ಜೆತ್ರೋ ಟಲ್ ಕೇಳುವವರು ಇದ್ದರೆ ದಯವಿಟ್ಟು ಬನ್ನಿ. ಗಡಿಯಾಚೆಯವರೂ ಬನ್ನಿ.

ನಾನು ಕರ್ನಾಟಕ ಸಂಗೀತದಲ್ಲಿ ಕೊಳಲು ಕಲಿತವಳು. ಮಂಗಳೂರಿನಲ್ಲಿ ಓದುವ ತಮ್ಮ ರಜೆಯಲ್ಲಿ ಬಂದಾಗ ಆ ತಂಡದ 'ಬೂರೇ' ಕೇಳಿಸಿದ. ಬಾಖ್ ಲ್ಯೂಟ್ ಎಂಬ ತಂತಿವಾದ್ಯಕ್ಕೆ ಬರೆದ ಪುಟ್ಟ ರಚನೆ ಅದು. ತಂಡದಲ್ಲಿ ಹಾಡುವ, ಕೊಳಲು ನುಡಿಸುವ ಇಯಾನ್ ಆಂಡರ್ಸನ್ ಮೊದಲು ಅದನ್ನು ಇದ್ದ ಹಾಗೇ ನುಡಿಸುತ್ತಾರೆ. ಆಮೇಲೆ ಲಯ ತೂಗಾಡತೊಡಗುತ್ತದೆ. ಕೊಳಲಿನ ಜೊತೆಗೆ ಗಂಟಲೂ ಸೇರುತ್ತದೆ, ಊದುತ್ತಲೇ ಗುನುಗುತ್ತಾರೆ. ನಮ್ಮ ಪಾಠದಲ್ಲಿ ಉಸಿರಿನ ಸದ್ದು ಕೇಳಬಾರದು ಎಂದು ತಿದ್ದುತ್ತಾರೆ. ಇವರು ಆ ಉಸಿರನ್ನೇ ಮುಂದೆ ತಂದಿದ್ದಾರೆ.

ಆಮೇಲೆ 1971ರ ಅಕ್ವಾಲಂಗ್ ಪೂರ್ತಿ ಕೇಳಿದೆ. 'ಮೈ ಗಾಡ್' ಹಾಡಿನ ನಡುವೆ ಬರುವ ಕೊಳಲಂತೂ ಬಿಟ್ಟೇ ಹೋಗುವುದಿಲ್ಲ. ಈಗ ಮುಂದೆ ಎಂತ? 1968ರಲ್ಲಿ ಮೊದಲ ಆಲ್ಬಮ್, 2025ರಲ್ಲೂ ಒಂದು ಹೊಸತು. ನಡುವೆ ಇಪ್ಪತ್ತಕ್ಕೂ ಜಾಸ್ತಿ. ರ‍್ಯಾಂಕ್ ಪಟ್ಟಿ ಬೇಡ. ನಿಮಗೆ ತುಂಬ ಬೇಕಾದ ಒಂದನ್ನು ಹೇಳಿ, ಯಾಕೆ ಬೇಕು ಅಂತಲೂ ಹೇಳಿ.

ಕುಂಬಳೆ ಗದ್ದೆಬದಿ

ಅಕ್ಕ, ಹೆಸರುವಾಸಿ ಆಲ್ಬಮ್‌ಗಳ ಸಾಲು ಹಿಡಿದು ಹೋಗಬೇಡಿ. ನಿಮಗೆ ಗೊತ್ತಿರುವ ಮಣ್ಣಿನ ಕಡೆಯಿಂದ ಒಳಗೆ ಹೋಗಿ. ನೀವು ಪೆರ್ಲದವರು. ಮೇಲೆ ಗುಡ್ಡ, ಕೆಳಗೆ ತೋಟ ನೋಡಿ ಬೆಳೆದವರು. ನಿಮಗೆ 1977ರ ಸಾಂಗ್ಸ್ ಫ್ರಮ್ ದ ವುಡ್ ಮೊದಲು.

ಶುರುವಾಗುವಾಗ ವಾದ್ಯವೇ ಇಲ್ಲ. ಬರೀ ಕಂಠಗಳು, ಒಂದರ ಮೇಲೊಂದು. ಆಮೇಲೆ ಒಂದೊಂದೇ ವಾದ್ಯ ಸೇರುತ್ತದೆ. ಅದರಲ್ಲಿ 'ಜ್ಯಾಕ್ ಇನ್ ದ ಗ್ರೀನ್' ಅಂತ ಸುಮಾರು ಎರಡೂವರೆ ನಿಮಿಷದ ಹಾಡು ಉಂಟು. ಎಲ್ಲ ವಾದ್ಯ ಆಂಡರ್ಸನ್ ಒಬ್ಬರದೇ. ಚಳಿಗಾಲದಲ್ಲಿ ನೆಲದೊಳಗಿನ ಹಸಿರನ್ನು ಕಾಯುವ ಒಂದು ಜೀವದ ಹಾಡು. ಹೆದ್ದಾರಿ ಬಂತು, ಕರೆಂಟಿನ ತಂತಿ ಬಂತು, ಇನ್ನೂ ಇವನು ಇರುತ್ತಾನಾ ಎಂದು ಕೇಳುತ್ತಾರೆ. ಕೊನೆಗೆ ಕಾಲುದಾರಿಯ ಕಲ್ಲಿನ ಸಂದಿಯಿಂದ ಹುಲ್ಲು ಎದ್ದದ್ದನ್ನು ಕಂಡೆ ಅನ್ನುತ್ತಾರೆ. ನಾಗಬನಕ್ಕೆ ಕತ್ತಿ ಹಾಕದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಅದರ ಬೆನ್ನಿಗೇ 1978ರ ಹೆವಿ ಹಾರ್ಸಸ್. ನನ್ನ ಪಾಲಿಗೆ ಇವರ ಎಲ್ಲ ಆಲ್ಬಮ್‌ಗಳಿಗಿಂತ ಮೇಲೆ ಇದು. ಹೊದಿಕೆಯಲ್ಲಿ ಆಂಡರ್ಸನ್ ಎರಡು ದೊಡ್ಡ ಕುದುರೆ ಹಿಡಿದು ಬರುವ ಚಿತ್ರ. ಶೀರ್ಷಿಕೆ ಹಾಡು ಸುಮಾರು 9 ನಿಮಿಷ. ಟ್ರ್ಯಾಕ್ಟರ್ ಬಂದು ಕೆಲಸ ಹೋದ ಉಳುವ ಕುದುರೆಗಳ ಬಗ್ಗೆ. ಸಫೋಕ್, ಕ್ಲೈಡ್ಸ್‌ಡೇಲ್, ಪರ್ಷರಾನ್, ಶೈರ್ ಎಂದು ತಳಿಗಳನ್ನು ಹೆಸರು ಹಿಡಿದೇ ಹಾಡುತ್ತಾರೆ. ಪದ್ಯ ನಿಧಾನ, ಹೆಜ್ಜೆ ಭಾರ. ನಡುವೆ ಒಮ್ಮೆಲೇ ಓಟ ಶುರು, ಡ್ಯಾರಿಲ್ ವೇ ಅವರ ಪಿಟೀಲು ಮೇಲೇಳುತ್ತದೆ. ಎಣ್ಣೆ ಬತ್ತುವ ದಿನ ಬರುತ್ತದೆ, ಆವತ್ತು ನಿಮ್ಮನ್ನು ಮತ್ತೆ ಕರೆಯುತ್ತಾರೆ ಎಂದು ಆ ಕುದುರೆಗಳಿಗೆ ಹೇಳುವ ಸಾಲು ಕೇಳಿದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ನಮ್ಮ ಹಟ್ಟಿಯಲ್ಲಿ ಉಳುವ ಕೋಣಗಳಿದ್ದವು. ಅಜ್ಜ ಹೋದ ಮೇಲೆ ಅವನ್ನು ಸಾಕುವವರು ಇರಲಿಲ್ಲ. ಟಿಲ್ಲರ್ ಬಂತು. ಆಮೇಲೆ ಗದ್ದೆಯೇ ಹೋಗಿ ಅಡಿಕೆ ತೋಟವಾಯ್ತು. ನೊಗ ಇನ್ನೂ ಅಟ್ಟದಲ್ಲಿ ಉಂಟು. ಈ ಹಾಡನ್ನು ಇಂಗ್ಲೆಂಡಿನ ಹಾಡು ಅಂತ ನನಗೆ ಅನ್ನಿಸುವುದೇ ಇಲ್ಲ.

ಉಪ್ಪಳ ರೇಡಿಯೋ

ಸ್ಟ್ಯಾಂಡ್ ಅಪ್, 1969. ನಿಮ್ಮ 'ಬೂರೇ' ಇರುವುದೇ ಅದರಲ್ಲಿ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದ ಆಲ್ಬಮ್. ಹಳೆಯ ಎಲ್‌ಪಿಯ ಹೊದಿಕೆ ಬಿಡಿಸಿದರೆ ಒಳಗೆ ನಾಲ್ಕು ಜನರೂ ಕಾಗದದಲ್ಲಿ ಎದ್ದು ನಿಲ್ಲುತ್ತಾರೆ. ಒಂದು ಹಾಡು ಕೇಳಿ ಪೂರ್ತಿ ಬಿಟ್ಟವರು ತುಂಬ ಜನ, ನೀವು ಹಾಗೆ ಮಾಡಬೇಡಿ.

ಅದೇ ವರ್ಷದ 'ಲಿವಿಂಗ್ ಇನ್ ದ ಪಾಸ್ಟ್' ಸಿಂಗಲ್ ಕೂಡ ಕೇಳಿ. ಐದು ಎಣಿಕೆಯ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಖಂಡ ಚಾಪು ಕೈಯಲ್ಲಿ ಇರುವವರಿಗೆ ಮೊದಲ ಸಲವೇ ತಲೆದೂಗುತ್ತದೆ.

ಮದ್ದಳೆ ಬದಿಯಡ್ಕ

ಕುಂಬಳೆಯವರು ಮಣ್ಣಿನ ಕಡೆಯಿಂದ ಹೋಗಿ ಅಂದರು. ಒಪ್ಪಿದೆ. ಆದರೆ ನಮ್ಮ ಮಣ್ಣಿನಲ್ಲಿ ಗದ್ದೆ ತೋಟ ಮಾತ್ರ ಇರುವುದಾ? ಕುಂಬಳೆ ಅಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಯಕ್ಷಗಾನ ಕೇಳಿ ಬೆಳೆದ ಕಿವಿಗೆ 1972ರ ಥಿಕ್ ಆಸ್ ಎ ಬ್ರಿಕ್‌ಗಿಂತ ಹತ್ತಿರದ್ದು ಬೇರೆ ಇಲ್ಲ.

ಇಡೀ ಆಲ್ಬಮ್ ಒಂದೇ ಹಾಡು, ಸುಮಾರು 44 ನಿಮಿಷ. ಎಲ್‌ಪಿಯಲ್ಲಿ ಹಿಡಿಯದೆ ಎರಡು ಮಗ್ಗುಲಿಗೆ ಹಂಚಿದ್ದಾರೆ. ಅಕ್ವಾಲಂಗ್ ಒಂದೇ ಕಥಾವಸ್ತುವಿನ ಆಲ್ಬಮ್ ಎಂದು ವಿಮರ್ಶಕರು ಬರೆದರು. ಅಲ್ಲ ಎಂದು ಆಂಡರ್ಸನ್ ಹೇಳುತ್ತಲೇ ಬಂದರು. ಯಾರೂ ಕೇಳಲಿಲ್ಲ. ಹಾಗಾದರೆ ನಿಜವಾಗಿ ಅಂಥದ್ದೊಂದು ಮಾಡಿಯೇ ತೋರಿಸುತ್ತೇನೆ ಎಂದು ಇದನ್ನು ಮಾಡಿದರು. ಜೆರಾಲ್ಡ್ ಬಾಸ್ಟಾಕ್ ಎಂಬ ಎಂಟು ವರ್ಷದ ಹುಡುಗ ಬರೆದ ಪದ್ಯ ಎಂದು ಹಾಕಿದ್ದಾರೆ. ಅಂಥ ಹುಡುಗನೇ ಇಲ್ಲ. ಹೊದಿಕೆ 12 ಪುಟದ ಊರ ಪತ್ರಿಕೆ. ಒಳಗೆ ಸುದ್ದಿ, ಜಾಹೀರಾತು, ಪದಬಂಧ ಎಲ್ಲ ಉಂಟು. ಅಮೆರಿಕದ ಪಟ್ಟಿಯಲ್ಲಿ ಇದು ಮೊದಲ ಸ್ಥಾನಕ್ಕೆ ಹೋಯಿತು.

44 ನಿಮಿಷ ಅಂದರೆ ಕೆಲವರು ಹೆದರುತ್ತಾರೆ. ಬೆಳಗಿನ ತನಕ ಆಟ ನೋಡಿದ ನಮಗೆ ಅದು ಎಂತದು? ಭಾಗವತರು ಪದ್ಯ ಎತ್ತುತ್ತಾರೆ, ಅರ್ಥ ಬರುತ್ತದೆ, ಚೆಂಡೆ ಏರುತ್ತದೆ, ಇಳಿಯುತ್ತದೆ, ಅದೇ ಪದ್ಯದ ಧಾಟಿ ಬೇರೆ ತಾಳದಲ್ಲಿ ತಿರುಗಿ ಬರುತ್ತದೆ. ಇಲ್ಲಿಯೂ ಹಾಗೇ. ಮೊದಲು ಅಕೌಸ್ಟಿಕ್ ಗಿಟಾರ್, ಕೊಳಲು, ಒಂದು ಕಂಠ ಮಾತ್ರ. ಮೂರು ನಿಮಿಷದ ಹೊತ್ತಿಗೆ ಇಡೀ ತಂಡ ನುಗ್ಗುತ್ತದೆ. ಡ್ರಮ್ಸಿನಲ್ಲಿ ಬ್ಯಾರಿಮೋರ್ ಬಾರ್ಲೋ. ಅವರು ಪೂರ್ತಿಯಾಗಿ ನುಡಿಸಿದ ಮೊದಲ ಟಲ್ ಆಲ್ಬಮ್ ಇದು. ಅವರ ಎಡಗೈ ಮೇಲೆ ಕಿವಿ ಇಡಿ. ಮುಖ್ಯ ಪೆಟ್ಟು ಒಂದು ಕಡೆ ಹೋಗುತ್ತಿದ್ದರೆ ಸ್ನೇರ್ ಡ್ರಮ್ ಮೇಲೆ ಸಣ್ಣ ಸಣ್ಣ ಪೆಟ್ಟುಗಳು ಸಂದಿ ತುಂಬುತ್ತಾ ಇರುತ್ತವೆ. ಮದ್ದಳೆಯವರಿಗೆ ಅದು ಪಾಠ.

ಒಂದೇ ಮಾತು. ತುಂಡು ತುಂಡಾಗಿ ಕೇಳಬೇಡಿ. ಪುರುಸೊತ್ತು ಮಾಡಿಕೊಂಡು ಕೂತು ಒಮ್ಮೆಗೇ ಕೇಳಿ.

ಅಕ್ಕಲಕೋಟೆ ಕೇಳುಗ

ಸೊಲ್ಲಾಪುರ ಜಿಲ್ಲೆಯಿಂದ ನಮಸ್ಕಾರ. ಬದಿಯಡ್ಕದವರು ಬ್ರಿಕ್‌ಗೆ ನಿಲ್ಲಿಸಿದ್ದಕ್ಕೆ ನನಗೆ ಸಂಕಟ ನೋಡ್ರಿ. ಮುಂದಿನ ವರ್ಷದ ಎ ಪ್ಯಾಶನ್ ಪ್ಲೇ ಬಗ್ಗೆ ಯಾರೂ ಮಾತೇ ಆಡೂದಿಲ್ಲ. ಸತ್ತವನೊಬ್ಬನ ಮುಂದಿನ ದಾರಿಯ ಕಥೆ ಅದು. ಅದೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದದ್ದೇ. ವಿಮರ್ಶಕರು ಮಾತ್ರ ಹಿಗ್ಗಾಮುಗ್ಗಾ ಬೈದರು. ಆಂಡರ್ಸನ್ ಅದರಲ್ಲಿ ಸೊಪ್ರಾನೋ ಸ್ಯಾಕ್ಸಫೋನ್ ಹಿಡಿದಿದ್ದಾರೆ. ಕೊಳಲು ಕೇಳಬೇಕು ಅನ್ನುವವರಿಗೆ ಸ್ವಲ್ಪ ಕಡಿಮೆ ಅನ್ನಿಸಬಹುದು. ಆದರೂ ಇಷ್ಟು ಬಿಗಿಯಾಗಿ ನುಡಿಸಿದ ತಂಡ ನಾನು ಕೇಳಿಲ್ಲ.

ಮದ್ದಳೆ ಬದಿಯಡ್ಕ

ಅಣ್ಣ, ನುಡಿಸಿದ್ದರ ಬಗ್ಗೆ ತಕರಾರಿಲ್ಲ. ಆದರೆ ನಡುವೆ ಕನ್ನಡಕ ಕಳೆದುಕೊಂಡ ಮೊಲದ ಕಥೆ ಬಂದು ಇಡೀ ಓಟ ನಿಂತುಹೋಗುತ್ತದೆ. ಬ್ರಿಕ್‌ನಲ್ಲಿ ತಿರುವುಗಳು ಒಂದರಿಂದೊಂದು ಹುಟ್ಟುತ್ತವೆ. ಅಲ್ಲಿ ಹಾಗೆ ಆಗುವುದಿಲ್ಲ. ಹೊಸಬರಿಗೆ ಅದನ್ನು ಕೊಡಬಾರದು.

ಅಕ್ಕಲಕೋಟೆ ಕೇಳುಗ

ಹೊಸಬರಿಗೆ ಅಂದರೆ ಸರಿ, ಒಪ್ಪಿದೆ. ಹಾಗಾದರೆ 1975ರ ಮಿನ್‌ಸ್ಟ್ರೆಲ್ ಇನ್ ದ ಗ್ಯಾಲರಿ ಕೊಡ್ರಿ. ಒಂದು ಕಡೆ ಮಾರ್ಟಿನ್ ಬ್ಯಾರೆಯ ಗಿಟಾರ್ ಬೆಂಕಿ. ಇನ್ನೊಂದು ಕಡೆ ಒಬ್ಬನೇ ಕೂತು ಹಾಡಿದಂಥ ಹಾಡುಗಳು, ಹಿಂದೆ ತಂತಿವಾದ್ಯಗಳು. 'ಬೇಕರ್ ಸ್ಟ್ರೀಟ್ ಮ್ಯೂಸ್' ಹದಿನಾರು ನಿಮಿಷ ದಾಟುತ್ತದೆ, ಒಂದು ನಿಮಿಷವೂ ಬಿಡಬೇಡ್ರಿ.

ತಾಳವಾಡಿ ಬೆಟ್ಟ

ನಮಸ್ಕಾರ, ಈರೋಡು ಜಿಲ್ಲೆಯ ಮೇಲ್ಬೆಟ್ಟದಿಂದ. ಅಕ್ಕ, ಅಕ್ವಾಲಂಗ್ ಮುಗೀತು ಅಂದ್ರಲ್ಲ, ಅದನ್ನು ಇನ್ನೊಂದು ಸಲ ತೆಗೀರಿ. ಎಲ್ಲರೂ ದೊಡ್ಡ ಹಾಡುಗಳನ್ನು ಕೇಳ್ತಾರೆ. ಅದರೊಳಗೆ ಪುಟಾಣಿ ಹಾಡುಗಳಿವೆ. 'ಚೀಪ್ ಡೇ ರಿಟರ್ನ್' ಒಂದೂವರೆ ನಿಮಿಷವೂ ಇಲ್ಲ. ಆಸ್ಪತ್ರೆಯಲ್ಲಿದ್ದ ಅಪ್ಪನನ್ನು ನೋಡಿಕೊಂಡು ವಾಪಸ್ ಬರುವ ಮಗ ಪ್ರೆಸ್ಟನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಲ್ಲಿ ನಿಂತಿದ್ದಾನೆ. ಅಪ್ಪನನ್ನು ನರ್ಸ್ ಸರಿಯಾಗಿ ನೋಡಿಕೊಳ್ತಾಳಾ ಅನ್ನೋ ಚಿಂತೆ. ಆ ನರ್ಸ್ ಇವನ ಹಸ್ತಾಕ್ಷರ ಕೇಳಿದ್ದಾಳೆ. ಇಷ್ಟೇ ಹಾಡು. ಅತ್ತು ಕರೆಯೋದು ಏನೂ ಇಲ್ಲ. ಇಷ್ಟು ಚಿಕ್ಕದರಲ್ಲಿ ಇಷ್ಟು ಹೇಳಿದ ಹಾಡು ನನಗೆ ಬೇರೆ ಸಿಕ್ಕಿಲ್ಲ.

ಉಪ್ಪಳ ರೇಡಿಯೋ

ತಾಳವಾಡಿಯವರೇ, ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಬೆಳಗ್ಗೆ ರೈಲು ಹತ್ತಿ ಹೋಗಿ, ಮಂಚದ ಬದಿ ಸ್ವಲ್ಪ ಹೊತ್ತು ಕೂತು, ಸಂಜೆಯ ರೈಲಿಗೆ ವಾಪಸ್. ಈ ಕಡೆ ಹಾಗೆ ಹೋಗಿ ಬಾರದ ಮನೆಯೇ ಇಲ್ಲ. ಆ ಹಾಡು ಏನು ಹೇಳುತ್ತದೆ ಎಂದು ಇವತ್ತು ನೀವು ತಿಳಿಸಿದಿರಿ. ಉಪಕಾರ.

ಮೊಗ್ರಾಲ್ ಹೊಳೆಕರೆ

ಯಾರೂ ಎಂಬತ್ತರ ದಶಕಕ್ಕೆ ಬರಲಿಲ್ಲ. ನಾನು 1987ರ ಕ್ರೆಸ್ಟ್ ಆಫ್ ಎ ನೇವ್ ಪರ.

1989ರಲ್ಲಿ ಗ್ರ್ಯಾಮಿಯವರು ಹಾರ್ಡ್ ರಾಕ್ ಮತ್ತು ಮೆಟಲ್‌ಗೆಂದು ಮೊದಲ ಬಾರಿ ಪ್ರಶಸ್ತಿ ಕೊಟ್ಟಾಗ ಅದು ಮೆಟಲ್ ತಂಡ ಮೆಟಾಲಿಕಾಗೆ ಸಿಗದೆ ಈ ಆಲ್ಬಮ್‌ಗೆ ಬಂತು. ಆ ಗಲಾಟೆ ಇವತ್ತಿಗೂ ಮುಗಿದಿಲ್ಲ. ಪಾಪ, ಆ ಗಲಾಟೆಯಲ್ಲಿ ಆಲ್ಬಮ್ ಹೇಗಿದೆ ಎಂದು ಕೇಳುವವರೇ ಇಲ್ಲದಾದರು. 1984ರ ಪ್ರವಾಸದಲ್ಲಿ ಆಂಡರ್ಸನ್ ಅವರ ಗಂಟಲಿಗೆ ಪೆಟ್ಟು ಬಿದ್ದಿತ್ತು. ಆಮೇಲೆ ಮಾಡಿದ್ದು ಇದು. ಹಾಡುವ ಮಟ್ಟ ತಗ್ಗಿದೆ, ಮಾತಿನ ಹಾಗೆ ಹಾಡುತ್ತಾರೆ. ನನಗೆ ಆ ಸ್ವರವೇ ಜಾಸ್ತಿ ಇಷ್ಟ.

ಅದರಲ್ಲಿ 'ಫಾರ್ಮ್ ಆನ್ ದ ಫ್ರೀವೇ' ಕೇಳಿ. ಒಬ್ಬ ರೈತನ ಜಾಗದ ಮೇಲೆ ಹೆದ್ದಾರಿ ಬರುತ್ತದೆ. ಪರಿಹಾರ ಕೊಡುತ್ತಾರೋ ಏನೋ, ಅದಲ್ಲ ಅವನಿಗೆ ಬೇಕಾದ್ದು. ನಿನ್ನೆಯ ತನಕ ಶ್ರೀಮಂತ. ಈಗ ಉಳಿದದ್ದು ಒಂದು ಹಳೆಯ ಪಿಕಪ್ ಗಾಡಿ. ಕೊಳಲು ಅಲ್ಲಿ ಬಿಕ್ಕುವುದಿಲ್ಲ, ಸಿಟ್ಟಿನಲ್ಲಿ ಕಡಿದು ಕಡಿದು ಬರುತ್ತದೆ.

ತಲಪಾಡಿಯಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದಾಗ ರಸ್ತೆ ಬದಿಯಲ್ಲಿ ಏನೇನು ಹೋಯ್ತು ಎಂದು ಈ ಕಡೆಯವರಿಗೆ ಗೊತ್ತುಂಟು. ನಮ್ಮ ಮನೆಯ ಎದುರಿನ ತೆಂಗಿನ ಸಾಲು ಹೋಯ್ತು, ಬಾವಿ ಹೋಯ್ತು. ದುಡ್ಡು ಬಂತು. ಅಮ್ಮ ಆಮೇಲೆ ಆ ಕಡೆಯ ಕಿಟಕಿ ತೆರೆಯಲಿಲ್ಲ. ರಸ್ತೆ ಬೇಡ ಅಂತ ನಾನು ಹೇಳುವುದಿಲ್ಲ, ನಾನೂ ಅದರಲ್ಲೇ ದಿನಾ ಹೋಗುತ್ತೇನೆ. ಹೋಗುವಾಗ ಈ ಹಾಡು ಹಾಕಿಕೊಳ್ಳುತ್ತೇನೆ.

ಪೆರ್ಲದ ಕೊಳಲು

ಇಷ್ಟು ಜನ ಬಂದದ್ದು ತುಂಬ ಸಂತೋಷ. ಮೊಗ್ರಾಲಿನವರ ಮಾತು ಓದಿ ಆ ಹಾಡನ್ನು ಕೂಡಲೇ ಕೇಳಿದೆ. ಎರಡು ಸಲ ಕೇಳಿದ ಮೇಲೆ ಬೇರೆ ಏನೂ ಕೇಳಲು ಮನಸ್ಸಾಗಲಿಲ್ಲ.

ಒಂದು ಪ್ರಶ್ನೆ. 'ಬೂರೇ'ಯನ್ನು ನನ್ನ ಬಿದಿರಿನಲ್ಲಿ ಹಿಡಿಯುತ್ತಿದ್ದೇನೆ. ಷಡ್ಜವನ್ನು ಪಾಶ್ಚಾತ್ಯರ ಇ ಸ್ವರದಲ್ಲಿ ಇಟ್ಟರೆ ಏರುವಾಗ ಚತುಶ್ರುತಿ ಧೈವತ, ಕಾಕಲಿ ನಿಷಾದ. ಇಳಿಯುವಾಗ ಕೈಶಿಕಿ ನಿಷಾದ, ಶುದ್ಧ ಧೈವತ. ಹತ್ತುವಾಗ ಗೌರಿಮನೋಹರಿ, ಇಳಿಯುವಾಗ ನಟಭೈರವಿ. ಬೆರಳಿಗೆ ಕಷ್ಟವಿಲ್ಲ. ಆದರೆ ನನ್ನ ಬೆರಳು ತಾನಾಗಿ ಗಮಕಕ್ಕೆ ಹೋಗುತ್ತದೆ, ಬಾಖ್ ಅದನ್ನು ತಡೆಯುವುದಿಲ್ಲ. ಆಂಡರ್ಸನ್ ಅವರ ಆ ಗಂಟಲಿನ ಸದ್ದು ಮಾತ್ರ ಬರುತ್ತಿಲ್ಲ. ಕೊಳಲು ಗೊತ್ತಿರುವವರು ಯಾರಾದರೂ ಇದ್ದೀರಾ?

ಮಧೂರು ಮಾಷ್ಟ್ರು

ತಂಗಿ, ನಾನು ಕೀಗಳಿರುವ ಪಾಶ್ಚಾತ್ಯ ಕೊಳಲು ಕಲಿಸುವವನು. ಆ ಸದ್ದಿನ ಬೇರು ರೋಲಾಂಡ್ ಕರ್ಕ್ ಎಂಬ ಜಾಝ್ ವಾದಕರಲ್ಲಿದೆ. ಟಲ್‌ನ ಮೊದಲ ಆಲ್ಬಮ್ ದಿಸ್ ವಾಸ್‌ನಲ್ಲಿ ಕರ್ಕ್ ಅವರ ರಚನೆಯೊಂದನ್ನು ಆಂಡರ್ಸನ್ ನುಡಿಸಿದ್ದಾರೆ. 1967ರಲ್ಲಿ ಆಂಡರ್ಸನ್ ತಮ್ಮ ಗಿಟಾರ್ ಕೊಟ್ಟು ಕೊಳಲು ಮತ್ತು ಮೈಕ್ ತೆಗೆದುಕೊಂಡರು. ಮರುವರ್ಷ ಆಲ್ಬಮ್. ಗುರು ಇಲ್ಲದೆ ಕಲಿತದ್ದು.

ಮಾಡುವುದು ಹೀಗೆ. ಮೊದಲು ಒಂದು ಸ್ವರ ಊದಿ ನಿಲ್ಲಿಸಿ. ಅದೇ ಸ್ವರವನ್ನು ಕೊಳಲಿಲ್ಲದೆ ಗುನುಗಿ. ಈಗ ಎರಡನ್ನೂ ಸೇರಿಸಿ. ಗಂಟಲು ಬಿಗಿಯಬಾರದು. ಗುನುಗುವಾಗ ಗಾಳಿ ಕಡಿಮೆಯಾಗುತ್ತದೆ, ಹಾಗಾಗಿ ಹೊಟ್ಟೆಯಿಂದ ಸ್ವಲ್ಪ ಜಾಸ್ತಿ ತಳ್ಳಬೇಕು. ಎರಡೂ ಸ್ವರ ಒಂದೇ ಆಗಿದ್ದರೆ ನಾದ ದಪ್ಪವಾಗುತ್ತದೆ. ಗಂಟಲು ಕೂದಲೆಳೆ ಆಚೀಚೆ ಹೋದರೆ ಸಾಕು, ನಡುವೆ ಒಂದು ಗುರುಗುರು ಹುಟ್ಟುತ್ತದೆ. ನೀವು ಕೇಳಿದ್ದು ಅದೇ. ಬಿದಿರಿನಲ್ಲೂ ಬರುತ್ತದೆ.

ಯಾವ ಆಲ್ಬಮ್ ಎಂದು ಕೇಳಿದಿರಲ್ಲ. ಕೊಳಲಿನವರಿಗೆ ನನ್ನದು 1995ರ ರೂಟ್ಸ್ ಟು ಬ್ರಾಂಚಸ್. ತೊಂಬತ್ತರ ದಶಕದ ಮೊದಲಲ್ಲಿ ಆಂಡರ್ಸನ್ ಅವರ ಮಗಳು ಶಾಲೆಯಲ್ಲಿ ಕೊಳಲು ಕಲಿಯತೊಡಗಿದಳು. ಆಗ ತಮ್ಮ ಬೆರಳು ಇಡುವ ಕ್ರಮ ತಪ್ಪು ಎಂದು ಅವರಿಗೆ ಗೊತ್ತಾಯಿತು. ಅಷ್ಟು ಹೆಸರು ಮಾಡಿದ ಮೇಲೆ ಮೊದಲಿನಿಂದ ಕಲಿತರು. ಈ ಆಲ್ಬಮ್‌ನಲ್ಲಿ ಅದು ಕೇಳಿಸುತ್ತದೆ. ಸ್ವರ ಸ್ವಚ್ಛ, ಓಟ ಸಲೀಸು. ಭಾರತದ, ಅರಬ್ ದೇಶಗಳ ಸ್ವರಶ್ರೇಣಿಗಳ ಕಡೆಗೆ ವಾಲಿದ ಹಾಡುಗಳು. ನನ್ನ ವಿದ್ಯಾರ್ಥಿಗಳಿಗೆಲ್ಲ ಇದನ್ನೇ ಮೊದಲು ಕೊಡುತ್ತೇನೆ.

ಕುಂಬಳೆ ಗದ್ದೆಬದಿ

ಮಾಷ್ಟ್ರೇ, ಸ್ವಚ್ಛವಾದದ್ದು ಹೌದು. ಆದರೆ ತಪ್ಪು ಬೆರಳಿನ ಕಾಲದ ಆ ಒರಟು ನನಗೆ ಬೇಕು. 'ಮೈ ಗಾಡ್' ಸರಿ ಬೆರಳಲ್ಲಿ ಹಾಗೆ ಬರುತ್ತಿತ್ತಾ?

ಮಧೂರು ಮಾಷ್ಟ್ರು

ಬರುತ್ತಿತ್ತು. ಒರಟು ಇದ್ದದ್ದು ಉಸಿರಿನಲ್ಲಿ, ಬೆರಳಿನಲ್ಲಿ ಅಲ್ಲ.

ಅಕ್ಕಲಕೋಟೆ ಕೇಳುಗ

ಹೊಸ ಆಲ್ಬಮ್‌ಗಳ ಬಗ್ಗೆ ಒಂದು ಮಾತು. 2022ರ ದಿ ಝೆಲಟ್ ಜೀನ್, 2023ರ ರಾಕ್‌ಫ್ಲೂಟ್ ಕೇಳಿದೆ. ಹಾಡು ಚಲೋ ಅದಾವ. ಆದರೆ ಮಾರ್ಟಿನ್ ಬ್ಯಾರೆ ಇಲ್ಲ. 1969ರ ಸ್ಟ್ಯಾಂಡ್ ಅಪ್‌ನಿಂದ 2003ರ ಕ್ರಿಸ್‌ಮಸ್ ಆಲ್ಬಮ್ ತನಕ ಪ್ರತಿಯೊಂದರಲ್ಲೂ ಇದ್ದ ಗಿಟಾರ್ ಅದು. 'ಅಕ್ವಾಲಂಗ್' ಹಾಡಿನ ಆ ಸೋಲೋ ಇಲ್ಲದೆ ಟಲ್ ಅನ್ನೋದು ಹೆಂಗ್ರಿ?

ಮೊಗ್ರಾಲ್ ಹೊಳೆಕರೆ

ಹಾಡು ಬರೆಯುವವರು, ಹಾಡುವವರು, ಕೊಳಲು ನುಡಿಸುವವರು ಆಂಡರ್ಸನ್ ಅವರೇ ಇದ್ದಾರಲ್ಲ. ಬಾರ್ಲೋ ಬಿಟ್ಟು ಹೋದಾಗಲೂ ತಂಡ ನಡೆಯಿತು. ಬೇಸ್ ನುಡಿಸುತ್ತಿದ್ದ ಜಾನ್ ಗ್ಲಾಸ್ಕಾಕ್ 1979ರಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡಾಗಲೂ ನಡೆಯಿತು. ಎಪ್ಪತ್ತು ದಾಟಿ, ಶ್ವಾಸಕೋಶದ ಕಾಯಿಲೆ ಇಟ್ಟುಕೊಂಡು ಇನ್ನೂ ಊದುತ್ತಿರುವ ಮನುಷ್ಯನ ಹೊಸ ಹಾಡುಗಳನ್ನು ಗೌರವದಿಂದ ಕೇಳಬೇಕು.

ಅಕ್ಕಲಕೋಟೆ ಕೇಳುಗ

ಗೌರವ ಇದ್ದೇ ಇದೆ. ಬ್ಯಾರೆಯ ಜಾಗ ಖಾಲಿ ಅನ್ನೋದೂ ಖರೆ.

ಪೆರ್ಲದ ಕೊಳಲು

ಹೆವಿ ಹಾರ್ಸಸ್ ಆಯ್ತು. ಅಂಗಳದಲ್ಲಿ ಅಡಿಕೆ ಸುಲಿಯುವಾಗ ಹಾಕಿದ್ದೆ. ಅಪ್ಪ ಇಂಗ್ಲಿಷ್ ಹಾಡಿಗೆ ಕಿವಿ ಕೊಡುವವರಲ್ಲ. ನಡುವಿನ ಓಟ ಬಂದಾಗ ಕತ್ತಿಯಿಂದ ಕೈ ತೆಗೆದು, ಇದು ಎಂತರ ಹಾಡು ಎಂದು ಕೇಳಿದರು. ಉಳುವ ಕುದುರೆಗಳದ್ದು ಅಂದೆ. ಇನ್ನೊಮ್ಮೆ ಹಾಕು ಅಂದರು.

ಸ್ಟ್ರೀಮಿಂಗ್‌ನಲ್ಲಿ ಒಂದೇ ಆಲ್ಬಮ್ ಎರಡು ಮೂರು ಬಗೆಯಲ್ಲಿ ಕಾಣುತ್ತದೆ. ಯಾವುದನ್ನು ಒತ್ತಬೇಕು?

ಉಪ್ಪಳ ರೇಡಿಯೋ

ಸ್ಟೀವನ್ ವಿಲ್ಸನ್ ರೀಮಿಕ್ಸ್ ಎಂದು ಇದ್ದರೆ ಅದನ್ನೇ ಒತ್ತಿ. ಮೂಲ ಟೇಪುಗಳಿಂದ ಪ್ರತಿ ವಾದ್ಯವನ್ನೂ ಬೇರೆಬೇರೆ ತೆಗೆದು ಹೊಸತಾಗಿ ಹೊಂದಿಸಿದ್ದು. ಅಕ್ವಾಲಂಗ್‌ಗೆ ಅದರಿಂದ ತುಂಬ ವ್ಯತ್ಯಾಸ ಆಗಿದೆ, ಹಳೆಯದು ಮಂಕಾಗಿತ್ತು. ಥಿಕ್ ಆಸ್ ಎ ಬ್ರಿಕ್, ಸಾಂಗ್ಸ್ ಫ್ರಮ್ ದ ವುಡ್, ಹೆವಿ ಹಾರ್ಸಸ್ ಎಲ್ಲದಕ್ಕೂ ಅವರದ್ದು ಉಂಟು. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಬೇಸ್ ಕೇಳುವುದೇ ಇಲ್ಲ. ಒಳ್ಳೆ ಇಯರ್‌ಫೋನ್ ಸಾಕು.

ಮದ್ದಳೆ ಬದಿಯಡ್ಕ

ಅಕ್ಕ, ಅಪ್ಪನವರಿಗೆ 1978ರ ಲೈವ್ ಆಲ್ಬಮ್ ಬರ್ಸ್ಟಿಂಗ್ ಔಟ್ ಕೂಡ ಕೇಳಿಸಿ. ಯುರೋಪಿನ ವೇದಿಕೆಯಲ್ಲಿ ಧ್ವನಿಮುದ್ರಿಸಿದ್ದು. ಎದುರು ಜನ ಕೂತಾಗ ಇವರು ಹೇಗೆ ಎಳೆದು ಬಿಗಿದು ನುಡಿಸುತ್ತಾರೆ ಎಂದು ಗೊತ್ತಾಗುತ್ತದೆ. ಬ್ರಿಕ್‌ನ ಒಂದು ತುಂಡೂ ಅದರಲ್ಲಿ ಉಂಟು. ಅದು ಹಿಡಿಸಿದರೆ ಪೂರ್ತಿ 44 ನಿಮಿಷಕ್ಕೆ ನಾನೇ ಪೆರ್ಲಕ್ಕೆ ಬರುತ್ತೇನೆ. ಸ್ಪೀಕರ್ ತರುತ್ತೇನೆ, ಮದ್ದಳೆಯೂ ತರುತ್ತೇನೆ. ಭಾನುವಾರ ಆಗಬಹುದಾ?